ಮುರುಗಲು ತುಪ್ಪದಲ್ಲಿ ಕ್ರೀಮ್ ಮಾಡಕ್ಕೆ ಹೋದ್ರೆ ಮರಳು ಮರಳಾಗ್ತಿದೆ, ಗೊತ್ತಿದ್ದೋರು ಹೇಳಿ

ಹೆಬ್ಬಾಳದ ಸೊಸೆ

ಎಲ್ರಿಗೂ ನಮಸ್ಕಾರ. ಹೋದ ತಿಂಗಳು ಅತ್ತೆ ಸಿದ್ದಾಪುರದಿಂದ ಬರ್ತಾ ಮುರುಗಲು ತುಪ್ಪದ (ಮುರುಗಲು ಅಂದ್ರೆ ಕೋಕಂ, ಅದರ ಬೀಜದಿಂದ ತೆಗೆಯೋ ಗಟ್ಟಿ ಕೊಬ್ಬು) ಎರಡು ಉಂಡೆ ತಂದ್ರು, ಎರಡೂ ಸೇರಿ ಕಾಲು ಕೆಜಿ ಇರ್ಬೋದು. ನಾನು ದಿನವಿಡೀ ನಿಂತು ಮಾಡೋ ಕೆಲಸ, ಹಿಮ್ಮಡಿ ಒಡೆದು ರಕ್ತ ಬರೋ ಮಟ್ಟಕ್ಕೆ ಹೋಗಿತ್ತು, ಅತ್ತೆ ರಾತ್ರಿ ಚಮಚದಲ್ಲಿ ಸ್ವಲ್ಪ ಕರಗಿಸಿ ಒಡಕಿಗೆ ತುಂಬಿದ್ರು, ವಾರದಲ್ಲಿ ನೋವು ಹೋಯ್ತು. ಆಗಿಂದ ಕೈ, ತುಟಿ, ಮೈ ಎಲ್ಲಕ್ಕೂ ಇದರಲ್ಲೇ ಏನಾದ್ರೂ ಮಾಡ್ಕೋಬೇಕು ಅಂತ ಆಸೆ.

ಮೊದಲ ಸಲ ತುಪ್ಪ ಅರ್ಧ ಕೊಬ್ಬರಿ ಎಣ್ಣೆ ಅರ್ಧ ಹಾಕಿ ಕರಗಿಸಿಟ್ಟೆ, ಬೆಳಿಗ್ಗೆ ನೋಡಿದ್ರೆ ಕಲ್ಲಿನ ಥರ ಗಟ್ಟಿ, ಉಗುರಲ್ಲಿ ಕೆರೆದು ತೆಗೀಬೇಕು, ಮೇಲಿಂದ ರವೆ ರವೆ ಬೇರೆ. ಎರಡನೇ ಸಲ ಬಾಲ್ಕನಿಯ ಲೋಳೆಸರದ ತಿರುಳು, ರೋಸ್ ವಾಟರ್ ಹಾಕಿ ಮಿಕ್ಸೀಲಿ ತಿರುಗಿಸ್ದೆ, ಅಂಗಡಿ ಕ್ರೀಮ್ ಥರಾನೇ ಬೆಳ್ಳಗೆ ಬಂತು, ಖುಷಿಯಾಗಿ ನಾದಿನಿಗೂ ಒಂದು ಡಬ್ಬಿ ಕೊಟ್ಟೆ. ಒಂಬತ್ತನೇ ದಿನಕ್ಕೆ ಮೇಲೆ ಕಪ್ಪು ಚುಕ್ಕೆ. ವಿಟಮಿನ್ ಇ ಕ್ಯಾಪ್ಸೂಲ್ ಎರಡು ಒಡೆದು ಹಾಕಿದ್ದೆ, ಅದು ಹಾಕಿದ್ರೆ ಕೆಡಲ್ಲ ಅಂತ ವಿಡಿಯೋದಲ್ಲಿ ಹೇಳಿದ್ರು. ನಾದಿನಿ ಹತ್ರ ಬಿಸಾಕಿಸಿದೆ, ಆದ್ರೂ ಮನಸ್ಸಿಗೆ ಕಸಿವಿಸಿ.

ಎಲ್ಲಿ ತಪ್ಪಾಯ್ತು? ಶಿಯಾ ಬಟರ್ ತಗೊಂಡು ಸೇರಿಸಿದ್ರೆ ಮೆತ್ತಗಾಗತ್ತಾ? ಮೂರು ವರ್ಷದ ಮಗನ ಕೈಕಾಲೂ ಒಣಗಿ ಬಿಳಿ ಬಿಳಿ ಆಗಿದೆ, ಅವನಿಗೆ ಹಚ್ಬೋದಾ?

ಶಿರಸಿ ತೋಟದಮನೆ

ಉಂಡೆ ಯಾವ ಬಣ್ಣ ಇದೆ, ವಾಸನೆ ಹೇಗಿದೆ ಮೊದಲು ನೋಡಿ. ನಮ್ಮ ಕಡೆ ಏಪ್ರಿಲ್ ಮೇನಲ್ಲಿ ಹಣ್ಣು ಬಿಡಿಸಿ ಸಿಪ್ಪೆ ಒಣಗಿಸ್ತೀವಿ, ಬೀಜ ತೊಳೆದು ಬೇರೆ ಒಣಗಿಸಿ, ಮೇಲಿನ ಸಿಪ್ಪೆ ತೆಗೆದು ಕುಟ್ಟಿ, ನೀರಲ್ಲಿ ಕುದಿಸಿದ್ರೆ ತುಪ್ಪ ಮೇಲೆ ತೇಲತ್ತೆ, ಅದನ್ನ ತೆಗೆದು ಕೈಯಲ್ಲೇ ಉಂಡೆ ಕಟ್ಟೋದು. ಅಂದ್ರೆ ಮನೆ ಉಂಡೆಯೊಳಗೆ ನೀರಿನ ಪಸೆ, ಬೀಜದ ಪುಡಿ ಎರಡೂ ಉಳ್ದಿರತ್ತೆ. ಹಿಮ್ಮಡಿಗೆ ಹಂಗೇ ನಡೆಯತ್ತೆ, ಕ್ರೀಮಿಗೆ ನಡೆಯಲ್ಲ. ಬೆಣ್ಣೆ ಕಾಸಿದ ಹಾಗೇ ಇದನ್ನೂ ಕಾಸ್ಬೇಕು: ದಪ್ಪ ತಳದ ಪಾತ್ರೇಲಿ ಸಣ್ಣ ಉರಿ, ಚಿಟಪಟ ಸದ್ದು ಪೂರ್ತಿ ನಿಲ್ಲೋವರೆಗೆ, ಆಮೇಲೆ ತೆಳು ಬಟ್ಟೇಲಿ ಎರಡು ಸಲ ಸೋಸಿ. ಆಗ ತಿಳಿ ಹಳದಿ ಬರತ್ತೆ, ಗಾಜಿನ ಬಾಟಲೀಲಿ ಇಟ್ರೆ ವರ್ಷ ಆದ್ರೂ ಏನೂ ಆಗಲ್ಲ. ಕಮಟು ವಾಸನೆ ಬಂದಿದ್ರೆ ಮಾತ್ರ ಎಷ್ಟು ಕಾಸಿದ್ರೂ ಹೋಗಲ್ಲ, ಅದನ್ನ ಮುಖಕ್ಕೆ ಹಚ್ಬೇಡಿ.

ಇನ್ನೊಂದು ಮಾತು, ಉಪ್ಪಾಗೆ ತುಪ್ಪಾನೂ ಸಿಕ್ರೆ ನೋಡಿ, ಉಪ್ಪಾಗೆ ಮುರುಗಲಿನ ಜಾತಿಯದ್ದೇ ಇನ್ನೊಂದು ಮರ, ಅದು ಮಳೆಗಾಲದ ಹಣ್ಣಿಂದು. ಆದ್ರೆ ತರೋರ ಹತ್ರ ಹೇಗೆ ಕೊಯ್ದಿದ್ದು ಅಂತ ಕೇಳಿ. ದರ ಏರಿದ ವರ್ಷ ಕಾಯಿ ಹಣ್ಣಾಗಕ್ಕೂ ಬಿಡದೆ ಕೊಂಬೆ ಸಮೇತ ಮುರೀತಾರೆ, ನೋಡಿದ್ರೆ ಹೊಟ್ಟೆ ಉರಿಯತ್ತೆ.

ರಸಾಯನದ ಮೇಷ್ಟ್ರು

ಮುರುಗಲು ತುಪ್ಪ ಕರಗೋದು ಹತ್ತಿರ ಹತ್ತಿರ 38ರಿಂದ 40 ಡಿಗ್ರೀಲಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಟಿಯರಿಕ್ ಆಮ್ಲ ಅನ್ನೋ ಗಟ್ಟಿ ಜಾತಿಯ ಕೊಬ್ಬಿನಾಮ್ಲ ಇರೋದ್ರಿಂದ ಅಷ್ಟು ಗಟ್ಟಿ. ಕೊಬ್ಬರಿ ಎಣ್ಣೆ ಕೂಡ 24 ಡಿಗ್ರಿ ಕೆಳಗೆ ಹೆಪ್ಪುಗಟ್ಟತ್ತೆ, ಬೆಂಗಳೂರಿನ ರಾತ್ರಿಗೆ ಎರಡೂ ಸೇರಿ ಕಲ್ಲಾಗದೆ ಇನ್ನೇನಾಗತ್ತೆ. ಹಾಗಾಗಿ ಚಳಿಗೂ ನೀರಾಗೇ ಇರೋ ಎಣ್ಣೆ ಬೇಕು, ಎಳ್ಳೆಣ್ಣೆ ಅಥವಾ ಸೂರ್ಯಕಾಂತಿ. 100 ಗ್ರಾಂಗೆ ತುಪ್ಪ 25, ಎಣ್ಣೆ 70, ಜೇನುಮೇಣ 5, ಇದು ಮೈಕೈಗೆ. ಹಿಮ್ಮಡಿಗೆ, ತುಟಿಗೆ ಗಟ್ಟಿ ಬೇಕಂದ್ರೆ ಮೇಣ 10 ಮಾಡಿ ಎಣ್ಣೆ ಅಷ್ಟೇ ಇಳಿಸಿ. ಚಮಚದ ಲೆಕ್ಕ ಬಿಡಿ, ತೂಕದಲ್ಲೇ ಅಳೀರಿ. ಮೇಣ ಕರಗಕ್ಕೆ 62-64 ಡಿಗ್ರಿ ಬೇಕು, ಬಿಸಿನೀರಿನ ಪಾತ್ರೆ ಒಳಗೆ ಇನ್ನೊಂದು ಪಾತ್ರೆ ಇಟ್ಟು ಮೊದಲು ಮೇಣ, ಆಮೇಲೆ ತುಪ್ಪ, ಕೊನೆಗೆ ಎಣ್ಣೆ.

ರವೆ ಆಗೋದು ನಿಧಾನಕ್ಕೆ ಆರಿದ್ರಿಂದ. ಗಟ್ಟಿ ಕೊಬ್ಬಿನ ಭಾಗ ಮೊದಲೇ ಹರಳಾಗಿ ಬೇರೆ ಆಗ್ಬಿಡತ್ತೆ, ಕೆಟ್ಟಿದ್ದಲ್ಲ ಅದು. ಒಂದು ಕಾಳೂ ಉಳಿಯದ ಹಾಗೆ ಮತ್ತೆ ಕರಗಿಸಿ, ಐಸ್ ನೀರಲ್ಲಿ ಪಾತ್ರೆ ಕೂರಿಸಿ ಕೈಬಿಡದೆ ತಿರುಗಿಸ್ತಾ ಬೇಗ ತಣ್ಣಗೆ ಮಾಡಿ. ಶಿಯಾ ಪಶ್ಚಿಮ ಆಫ್ರಿಕಾದ ಮರದ್ದು, ಮುರುಗಲಿಗಿಂತ ಮೆತ್ತಗೆ ನಿಜ, ಆದ್ರೆ ಅದೂ ಹೀಗೇ ರವೆ ಆಗತ್ತೆ, ಕೈಯಲ್ಲಿ ಇಷ್ಟು ಒಳ್ಳೆ ತುಪ್ಪ ಇಟ್ಕೊಂಡು ಅದಕ್ಕೆ ದುಡ್ಡು ಹಾಕೋ ಅಗತ್ಯ ಕಾಣಲ್ಲ.

ಕಪ್ಪು ಚುಕ್ಕೆ ಬೂಷ್ಟು. ಲೋಳೆಸರದ ತಿರುಳಲ್ಲಿ ಹೆಚ್ಚುಕಮ್ಮಿ ಎಲ್ಲಾ ನೀರೇ. ನೀರು ಬಂತು ಅಂದ್ರೆ ಬ್ಯಾಕ್ಟೀರಿಯಾ, ಬೂಷ್ಟು ಎರಡೂ ಬರತ್ತೆ, ಕಣ್ಣಿಗೆ ಕಾಣೋಕೆ ಮುಂಚೇನೇ ಬಂದಿರತ್ತೆ. ವಿಟಮಿನ್ ಇ ಎಣ್ಣೆ ಕಮಟಾಗೋದನ್ನ ತಡ ಮಾಡತ್ತೆ, ಬೂಷ್ಟನ್ನ ತಡೆಯೋದೇ ಇಲ್ಲ, ಈ ತಪ್ಪು ಮಾಹಿತಿ ಎಲ್ಲಾ ಕಡೆ ಹರಡಿದೆ. ಒಂದು ಹನಿ ನೀರೂ ಇಲ್ಲದ ಮುಲಾಮು ಮಾಡಿ, ಒದ್ದೆ ಬೆರಳು ಅದ್ದಬೇಡಿ.

ಡಬ್ಲಿನ್ ಕನ್ನಡತಿ

ಇಲ್ಲಿ ವರ್ಷಪೂರ್ತಿ ಚಳಿ, ಗಾಳಿ, ಮನೆಯೊಳಗೆ ಹೀಟರ್, ಕೈ ಗೆಣ್ಣು ಒಡೆದು ಹೋಗತ್ತೆ. ನಾನು ಮೇಷ್ಟ್ರು ಹೇಳಿದ ಅಳತೇಲಿ ಮೇಣ ಬಿಟ್ಟು ಎಣ್ಣೆ ಜಾಸ್ತಿ ಮಾಡ್ಕೋತೀನಿ, ಇಲ್ಲಾಂದ್ರೆ ಡಬ್ಬಿಯಿಂದ ಬರೋದೇ ಇಲ್ಲ. ಅದಕ್ಕಿಂತ ಮುಖ್ಯ ಹಚ್ಚೋ ಹೊತ್ತು: ತುಪ್ಪ ಚರ್ಮಕ್ಕೆ ನೀರು ಕೊಡಲ್ಲ, ಇರೋ ನೀರು ಹಾರದ ಹಾಗೆ ಮುಚ್ಚತ್ತೆ ಅಷ್ಟೇ. ಸ್ನಾನ ಆಗಿ ಟವೆಲಲ್ಲಿ ಒತ್ತಿ ಒರೆಸಿದ ತಕ್ಷಣ, ಇನ್ನೂ ಪಸೆ ಇರೋವಾಗ ಹಚ್ಚಿ. ಹಿಮ್ಮಡಿನ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ, ಹಚ್ಚಿ, ಸಾಕ್ಸ್ ಹಾಕಿ ಮಲಗಿ. ನಿಂಬೆಹಣ್ಣು ಮಾತ್ರ ಯಾವುದಕ್ಕೂ ಹಿಂಡಬೇಡಿ, ನಿಂಬೆರಸ ಮೈಮೇಲಿದ್ದು ಬಿಸಿಲಿಗೆ ಹೋದ್ರೆ ಸುಟ್ಟ ಕಲೆ ಬೀಳತ್ತೆ.

ನರ್ಸಕ್ಕ ತುಮಕೂರು

ಮಗೂಗೆ ಬರೀ ಸೋಸಿದ ತುಪ್ಪ, ಸೂರ್ಯಕಾಂತಿ ಎಣ್ಣೆ ಎರಡೇ. ಸುವಾಸನೆ ಎಣ್ಣೆ ಒಂದು ಹನೀನೂ ಬೇಡ, ಸಾಸಿವೆ ಎಣ್ಣೆ ಬೇಡ, ಒಡೆದ ಚರ್ಮಕ್ಕೆ ಕಡಲೆಕಾಯಿ ಎಣ್ಣೆ, ಬಾದಾಮಿ ಎಣ್ಣೆನೂ ಬೇಡ, ಅಲರ್ಜಿ ಶುರುವಾಗೋ ಸಾಧ್ಯತೆ ಇರತ್ತೆ. ಮೊದಲು ಮೊಣಕೈ ಒಳಗಡೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ಕೆಂಪಾಗಿ ತುರಿಸ್ತಿದ್ರೆ, ನೀರು ಒಸರ್ತಿದ್ರೆ ಅದು ಎಕ್ಸಿಮಾ ಅನ್ನೋ ಚರ್ಮದ ಕಾಯಿಲೆ ಇರ್ಬೋದು, ಡಾಕ್ಟರ್ ನೋಡ್ಲಿ. ಮನೇಲಿ ಶುಗರ್ ಇರೋರ ಹಿಮ್ಮಡಿ ಒಡಕಿಗೂ ಇದೇ ಮಾತು, ತುಪ್ಪ ತುಂಬಿ ಕಾಯ್ತಾ ಕೂರಬೇಡಿ, ಗಾಯದ ನೋವೇ ಗೊತ್ತಾಗದೆ ಒಳಗೊಳಗೇ ಕೀವಾಗಿ ಬಂದಿದ್ದನ್ನ ನಾನು ವಾರ್ಡಲ್ಲಿ ನೋಡಿದೀನಿ.

ಹೆಬ್ಬಾಳದ ಸೊಸೆ

ಭಾನುವಾರ ಕಾಸಿದೆ. ಚಿಟಪಟ ನಿಲ್ಲಕ್ಕೆ ಇಪ್ಪತ್ತು ನಿಮಿಷ ಬೇಕಾಯ್ತು, ಅಷ್ಟು ನೀರು ಒಳಗಿತ್ತು ಅಂತ ಗೊತ್ತೇ ಇರ್ಲಿಲ್ಲ, ಬಟ್ಟೆ ಮೇಲೆ ಕಂದು ಪುಡಿ ಒಂದು ಚಮಚ ಉಳೀತು. 25-70-5 ಎಳ್ಳೆಣ್ಣೇಲಿ ಮಾಡ್ದೆ, ರವೆ ಇಲ್ಲ, ಬೆರಳಿಗೆ ಹಾಗೇ ಬರತ್ತೆ. ಮಗನಿಗೆ ಸೂರ್ಯಕಾಂತೀಲಿ ಮೇಣ ಇಲ್ಲದೆ ಬೇರೆ ಡಬ್ಬಿ, ಇವತ್ತು ಮೊಣಕೈಗೆ ಹಚ್ಚಿದೀನಿ, ಬುಧವಾರ ನೋಡಿ ಹೇಳ್ತೀನಿ. ಶಿರಸಿ ಅಕ್ಕ, ಮುಂದಿನ ಮೇನಲ್ಲಿ ಅತ್ತೆ ಮನೇಗೆ ಹೋಗ್ತೀವಿ, ಬೀಜ ಕುಟ್ಟೋದ್ರಿಂದ ಶುರು ಮಾಡಿ ಕಲೀಬೇಕು ಅಂತಿದೀನಿ, ಬೀಜ ಎಷ್ಟು ದಿನ ಒಣಗಿಸ್ಬೇಕು?

ಶಿರಸಿ ತೋಟದಮನೆ

ದಿನ ಎಣಿಸ್ಬೇಡಿ, ಅಲ್ಲಾಡಿಸಿದ್ರೆ ಒಳಗಿನ ತಿರುಳು ಗಲಗಲ ಅನ್ಬೇಕು. ಮಳೆ ಹಿಡಿಯೋಕೆ ಮುಂಚೆ ಬನ್ನಿ.