1994ರ ವಿಡಿಯೊ, ಕೈನೆಕ್ಟ್ ಕೃತಿ: ಮೂರು ತಿಂಗಳು ಕೈಕೊಡದಂತೆ ಓಡಿಸುವುದು ಹೇಗೆ?

ನೆರಳುಗೋಡೆ:
ಕಲಾ ಸಂಗ್ರಹಾಲಯದ ಒಂದೇ ಕೋಣೆಯಲ್ಲಿ ಎರಡು ಕೃತಿ, ದಿನಕ್ಕೆ 8 ಗಂಟೆ. ಒಂದು, ಪಿಕ್ಚರ್ ಟ್ಯೂಬ್ ಟಿವಿಗೆಂದೇ 1994ರಲ್ಲಿ ಮಾಡಿದ 12 ನಿಮಿಷದ ಪಾಲ್ (PAL, ಹಳೇ ಟಿವಿ ಪ್ರಸಾರದ ಒಂದು ಮಾದರಿ) ವಿಡಿಯೊ. ಕಲಾವಿದೆಯಿಂದ ಬಂದಿರುವುದು 1920×1080 ಎಂಪಿ4. ಮುಖಗಳು ಅಗಲವಾಗಿವೆ, ಯಾರಾದರೂ ಕೈ ಆಡಿಸಿದರೆ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳುತ್ತದೆ. ಇನ್ನೊಂದು, ಎದುರು ನಿಂತವರ ಚಲನೆಗೆ ಗೋಡೆಯ ಚಿತ್ರ ಬದಲಾಗುವ 2012ರ ಕೃತಿ: ಮೊದಲ ಮಾದರಿಯ ಕೈನೆಕ್ಟ್ (ಮೈಯ ಚಲನೆ ಗುರುತಿಸುವ ಮೈಕ್ರೋಸಾಫ್ಟ್ ಕ್ಯಾಮೆರಾ), ವಿಂಡೋಸ್ ಪಿಸಿ. ಬೆಳಿಗ್ಗೆ ಚೆನ್ನಾಗಿರುತ್ತದೆ, ಮಧ್ಯಾಹ್ನ ಜನರನ್ನೇ ಗುರುತಿಸುವುದಿಲ್ಲ. ಎಲ್ಲಿಂದ ಶುರು ಮಾಡಲಿ? ಟ್ಯೂಬ್ ಟಿವಿ ಬದಲು ಎಲ್‌ಸಿಡಿ ಇಟ್ಟರೆ ತಪ್ಪಾ?

ಗೆರೆಲೆಕ್ಕ:
ಆ ಎಂಪಿ4 ಬದಿಗಿಡಿ. ಪಾಲ್ ಅಂದರೆ 720×576, ಸೆಕೆಂಡಿಗೆ 25 ಫ್ರೇಮ್, ಪ್ರತಿ ಫ್ರೇಮ್‌ನೊಳಗೆ ಎರಡು ಫೀಲ್ಡ್. ಬೆಸ ಗೆರೆಗಳು ಒಂದು ಕ್ಷಣದವು, ಸಮ ಗೆರೆಗಳು ಇನ್ನೊಂದು ಕ್ಷಣದವು. ಇವನ್ನು ಬಿಡಿಸದೆ ಹಿಗ್ಗಿಸಿದ್ದಕ್ಕೇ ಬಾಚಣಿಗೆ ಹಲ್ಲು. ಅಗಲವಾದ ಮುಖವನ್ನು 4:3ಕ್ಕೆ ಮರಳಿ ತರಬಹುದು. ಕಲಸಿಹೋದ ಗೆರೆಗಳನ್ನು ಬೇರೆ ಮಾಡುವುದು ಆಗದ ಮಾತು.

ಮೂಲ ಟೇಪಿನಿಂದ ನೇರ ತೆಗೆದ ಫೈಲ್ ಕೇಳಿ: ಕಂಪ್ರೆಸ್ ಮಾಡದ 10 ಬಿಟ್, ಇಲ್ಲವೇ ಎಫ್‌ಎಫ್‌ವಿ1 (ಗುಣಮಟ್ಟ ಕೆಡದಂತೆ ಕುಗ್ಗಿಸುವ ವಿಡಿಯೊ ಮಾದರಿ). ಬಂದ ಮೇಲೆ ಫೈಲ್ ವಿವರ ತೋರಿಸುವ ಮೀಡಿಯಾಇನ್ಫೋ ಪ್ರೋಗ್ರಾಂನಲ್ಲಿ ತೆರೆದು ಇಂಟರ್‌ಲೇಸ್ಡ್ (ಎರಡು ಫೀಲ್ಡ್ ಹೆಣೆದದ್ದು) ಎಂದಿದೆಯೇ, ಫೀಲ್ಡ್ ಕ್ರಮ ಯಾವುದು, ಅಂದರೆ ಯಾವ ಫೀಲ್ಡ್ ಮೊದಲು ಎಂದು ನೋಡಿಕೊಳ್ಳಿ. ಕ್ರಮ ತಪ್ಪಿದರೆ ಚಲಿಸುವುದೆಲ್ಲ ಹಿಂದೆ ಮುಂದೆ ನಡುಗುತ್ತದೆ.

ಟ್ಯೂಬ್ ಟಿವಿಗಾದರೆ ಫೀಲ್ಡ್‌ಗಳನ್ನು ಮುಟ್ಟಲೇಬೇಡಿ. ಹಳೇ ಡಿವಿಡಿ ಪ್ಲೇಯರ್ ಎಂದು ಮೂಗು ಮುರಿಯಬೇಡಿ, ಕಾಂಪೋಸಿಟ್ ತಂತಿಯಲ್ಲಿ ನಿಜವಾದ ಪಾಲ್ ಕೊಡುವ ಸುಲಭದ ಪೆಟ್ಟಿಗೆ ಅದು. ಸೆಕೆಂಡಿಗೆ 8 ಮೆಗಾಬಿಟ್‌ನಲ್ಲಿ 12 ನಿಮಿಷಕ್ಕೆ ಸುಮಾರು 720 ಎಂಬಿ. ಒಂದೇ ಡಿಸ್ಕ್‌ಗೆ ಬೆನ್ನುಬೆನ್ನಿಗೆ ಐದು ಸಲ ಬರೆದರೆ, ಮೊದಲಿಗೆ ಮರಳುವಾಗಿನ ಕಪ್ಪು ತಡೆ ಗಂಟೆಗೊಮ್ಮೆ ಮಾತ್ರ.

ಎಲ್‌ಸಿಡಿಗಾದರೆ ಡಿಇಂಟರ್‌ಲೇಸ್ ಮಾಡುವಾಗ (ಫೀಲ್ಡ್‌ಗಳನ್ನು ಬಿಡಿಸಿ ಪೂರ್ತಿ ಫ್ರೇಮ್ ಮಾಡುವಾಗ) ಸೆಕೆಂಡಿಗೆ 50 ಫ್ರೇಮ್ ಇರಲಿ. 25 ಮಾಡಿದರೆ ಅರ್ಧ ಚಲನೆ ಹೋಯಿತು. ಅಳತೆ 1440×1080, ಎರಡು ಪಕ್ಕ ಕಪ್ಪು.

ಕೇಬಲ್‌ಗಂಟು:
ಮಧ್ಯಾಹ್ನದ ತೊಂದರೆಗೆ ಕಾರಣ ಬಿಸಿಲು. ಮೊದಲ ಮಾದರಿಯ ಕೈನೆಕ್ಟ್ ಇನ್‌ಫ್ರಾರೆಡ್ ಚುಕ್ಕೆಗಳನ್ನು ಚೆಲ್ಲಿ ಆಳ ಅಳೆಯುತ್ತದೆ. ಬಿಸಿಲಿನ ಇನ್‌ಫ್ರಾರೆಡ್‌ನಲ್ಲಿ ಆ ಚುಕ್ಕೆಗಳು ಮುಳುಗುತ್ತವೆ. ಕಿಟಕಿಗೆ ಬೆಳಕು ತೂರದ ದಪ್ಪ ಪರದೆ ಬೇಕು. ಹ್ಯಾಲೊಜೆನ್ ದೀಪವೂ ಅದೇ ಕಾಟ ಕೊಡುತ್ತದೆ, ಎಲ್‌ಇಡಿ ಹಾಕಿ. ವೀಕ್ಷಕರು 1.2ರಿಂದ 3.5 ಮೀಟರ್ ಒಳಗೆ ನಿಲ್ಲುವ ಹಾಗೆ ನೆಲದಲ್ಲಿ ಗುರುತಿರಲಿ. ಹೊಳೆಯುವ ನೆಲವಿದ್ದರೆ ಮ್ಯಾಟ್ ಹಾಸಿ.

ಪಿಸಿಯ ವಿಷಯ. ಎಲ್ಲಕ್ಕೂ ಮೊದಲು ಡಿಸ್ಕ್ ಅನ್ನು ಪೂರ್ತಿ ಕ್ಲೋನ್ ಮಾಡಿ, ಚೆಕ್‌ಸಮ್ (ನಕಲು ಮೂಲದಂತೆಯೇ ಇದೆಯೇ ಎಂದು ತಾಳೆ ನೋಡುವ ಸಂಖ್ಯೆ) ಬರೆದಿಡಿ, ಪ್ರದರ್ಶನಕ್ಕೆ ಕ್ಲೋನ್ ಬಳಸಿ. ಕರೆಂಟ್ ಹೋಗಿ ಬಂದಾಗ ತಾನೇ ಆನ್ ಆಗುವಂತೆ ಬಯಾಸ್‌ನಲ್ಲಿ ಸೆಟ್ ಮಾಡಿ. ಆಟೊ ಲಾಗಿನ್ ಬೇಕು. ಅಪ್‌ಡೇಟ್, ಸ್ಲೀಪ್, ನೋಟಿಫಿಕೇಶನ್ ಬಂದ್. ನೆಟ್‌ವರ್ಕ್ ತಂತಿ ಹೊರಗೆ. ಪ್ರೋಗ್ರಾಂ ಓಡುತ್ತಿದೆಯೇ ಎಂದಷ್ಟೇ ನೋಡುವ ಕಾವಲು ಸ್ಕ್ರಿಪ್ಟ್ ಸಾಲದು, ಏಕೆಂದರೆ ಹೆಪ್ಪುಗಟ್ಟಿದ ಪ್ರೋಗ್ರಾಂ ಕೂಡ ಓಡುತ್ತಿರುವಂತೆಯೇ ಕಾಣುತ್ತದೆ. ಕೃತಿಯ ಪ್ರೋಗ್ರಾಂ 5 ಸೆಕೆಂಡಿಗೊಮ್ಮೆ ಒಂದು ಫೈಲ್‌ಗೆ ಸಮಯ ಬರೆಯಲಿ. 30 ಸೆಕೆಂಡ್ ಬರೆಯದಿದ್ದರೆ ಸ್ಕ್ರಿಪ್ಟ್ ಅದನ್ನು ಕೊಂದು ಮತ್ತೆ ಎಬ್ಬಿಸಲಿ.

ಕೈನೆಕ್ಟ್ ತಯಾರಿಕೆ 2017ರಲ್ಲೇ ನಿಂತಿದೆ. ಅದೇ ಮಾದರಿಯ ಎರಡನ್ನು ಅಡಾಪ್ಟರ್ ಸಮೇತ ಎತ್ತಿಡಿ. ಎರಡನೇ ಮಾದರಿಯದು ಈ ಸಾಫ್ಟ್‌ವೇರ್‌ಗೆ ಒಗ್ಗುವುದಿಲ್ಲ.

ಹಳೇಪೆಟ್ಟಿಗೆ:
ಎಲ್‌ಸಿಡಿ ಪ್ರಶ್ನೆ ತಂತ್ರಜ್ಞರು ತೀರ್ಮಾನಿಸುವಂಥದ್ದಲ್ಲ. ಕಲಾವಿದೆಯನ್ನೇ ಕೇಳಿ, ಉತ್ತರ ಬರಹದಲ್ಲಿರಲಿ: ಟಿವಿಯ ಮೈ ಕೃತಿಯ ಭಾಗವೇ? ಉಬ್ಬು ಗಾಜು ಬೇಕೇ? ಅಥವಾ ಚಿತ್ರ, ಶಬ್ದ ಸಾಕೇ? ದಕ್ಷಿಣ ಕೊರಿಯಾದ ಗ್ವಾಚಿಯಾನ್‌ನಲ್ಲಿ ವಿಡಿಯೊ ಕಲಾವಿದ ನಾಮ್ ಜೂನ್ ಪೈಕ್ 1988ರಲ್ಲಿ 1003 ಟಿವಿಗಳಿಂದ ಕಟ್ಟಿದ ಗೋಪುರವನ್ನು 2018ರಲ್ಲಿ ಆರಿಸಬೇಕಾಯಿತು. 2022ರಲ್ಲಿ ಮತ್ತೆ ಬೆಳಗಿಸುವಾಗ 737 ಟ್ಯೂಬ್‌ಗಳನ್ನು ಉಳಿಸಿಕೊಂಡು, ಮೇಲಿನ 266 ಚಿಕ್ಕವಕ್ಕೆ ಎಲ್‌ಸಿಡಿ ಕೂರಿಸಿದರು, ಹೊರಮೈ ಹಳೆಯದೇ. ಬೇಕು ಇಲ್ಲವೇ ಬೇಡ ಎಂಬ ಎರಡೇ ದಾರಿ ಅಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ. ಬದಲಿಸಿದರೆ ಗೋಡೆಯ ಫಲಕದಲ್ಲಿ ಒಂದು ಸಾಲು ಹಾಕಿ.

ಟ್ಯೂಬ್ ಸಿಕ್ಕರೆ ಬದಲಿಗೊಂದು ಇರಲಿ, ಬ್ರೈಟ್‌ನೆಸ್ ತಗ್ಗಿಸಿ. ಹಿಂದಿನ ಮುಚ್ಚಳ ಬಿಚ್ಚುವುದು ರಿಪೇರಿ ಬಲ್ಲವರ ಕೆಲಸ. ಪ್ಲಗ್ ಕಿತ್ತ ಮೇಲೂ ಟ್ಯೂಬ್ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಳ್ಳಬಲ್ಲದು.

ನೆರಳುಗೋಡೆ:
ಮುಂದೊಂದು ದಿನ ಕೈನೆಕ್ಟ್ ಬದಲು ಬೇರೆ ಕ್ಯಾಮೆರಾ ಹಾಕಿದರೆ, ಕೃತಿ ಅದೇ ಆಗಿ ಉಳಿದಿದೆ ಎಂದು ಹೇಗೆ ತಿಳಿಯುವುದು?

ಹಳೇಪೆಟ್ಟಿಗೆ:
ಈಗಲೇ ವಿಳಂಬ ಅಳೆದಿಡಿ. ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಫೋನಿನಲ್ಲಿ ಕೈಯನ್ನೂ ಗೋಡೆಯನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಿರಿ. ಕೈ ಅಲುಗಿದಾಗಿನಿಂದ ಚಿತ್ರ ಅಲುಗುವವರೆಗೆ ಫ್ರೇಮ್ ಎಣಿಸಿ. 24 ಫ್ರೇಮ್ ಅಂದರೆ 100 ಮಿಲಿಸೆಕೆಂಡ್. ಹತ್ತು ಸಲ ಅಳೆದು, ಎಷ್ಟು ದೂರದವರೆಗೆ, ಒಮ್ಮೆಗೆ ಎಷ್ಟು ಜನರಿಗೆ ಸ್ಪಂದಿಸುತ್ತದೆ ಎಂಬುದನ್ನೂ ಸೇರಿಸಿ ಬರೆದಿಡಿ. ಹೊಸ ಕ್ಯಾಮೆರಾ ವೇಗವಾಗಿದ್ದರೂ ಕೃತಿ ಬದಲಾದಂತೆಯೇ. ಬೇಕಿದ್ದರೆ ತಡವನ್ನು ಕೋಡ್‌ನಲ್ಲಿ ಸೇರಿಸಿ.