ಸೀಳಿದ ಸೈಕಲ್ ಫ್ರೇಮು, ಮೆಕ್ಯಾನಿಕಲ್ ಬ್ಯಾಚ್ ಗುಂಪು

ಮಂಜ್ಯಾ: (ಫಾರ್ವರ್ಡ್, 2 ಫೋಟೊ) "ಫ್ರೇಮಿಗೆ 5 ವರ್ಷ ವಾರಂಟಿ ಅಂದ್ರು, 14 ತಿಂಗಳಿಗೆ ಸೀಳ್ತು. ಕಂಪನಿ ಕೈ ಎತ್ತೇತಿ. ಎಲ್ಲಾ ಗುಂಪಿಗೂ ಕಳಸ್ರಿ."

ಮಂಜ್ಯಾ: ಹಾಡಹಗಲ ದರೋಡೆ!

ಶಿವ್ಯಾ: ತಡಿಯೋ. ಎರಡನೇ ಫೋಟೊ ದೊಡ್ಡದು ಮಾಡಿ ನೋಡು. ಸೀಟ್ ಪೋಸ್ಟಿನ (ಸೀಟು ಹೊತ್ತ ಕೊಳವಿ) ಮಿನಿಮಮ್ ಗೆರಿ, ಅಂದ್ರ ಇಲ್ಲಿ ತನಕ ಒಳಗ ಇರ್ಬೇಕು ಅನ್ನೋ ಗುರ್ತು, ಅದನ್ನ ಬಿಗಿಯೋ ಕ್ಲಾಂಪಿಗಿಂತ ಎರಡು ಬೆರಳು ಮ್ಯಾಲೆ ಕಾಣಾಕತ್ತೇತಿ. ಪೋಸ್ಟಿನ ತುದಿ ಟಾಪ್ ಟ್ಯೂಬ್ (ಮ್ಯಾಲಿನ ಅಡ್ಡ ಕೊಳವಿ) ವೆಲ್ಡ್ ದಾಟಿ ಕೆಳಗ ಇಳೀಬೇಕು. ಇಲ್ಲಂದ್ರ ಪ್ರತಿ ತಗ್ಗಿಗೂ ಹಾರಿ ಹಾಕಿ ಮೀಟಿದಂಗ.

ಗಿರೀಶ: ಬಿರುಕು ವೆಲ್ಡಿನ ಅಂಚಿಗೇ ಶುರು ಆಗೇತಿ, ವೆಲ್ಡಿಂಗ್ ದೋಷನೂ ಇರಬಹುದು. ಸೀಳಿದ ಮುಖ ನೋಡ್ಬೇಕು. ನುಣ್ಣಗ, ಕಪ್ಪಾಗಿ, ಅಲಿ ಅಲಿ ಗೆರಿ ಇದ್ರ ಭಾಳ ದಿನದಿಂದ ಬೆಳದದ್ದು. ಪೂರ್ತಿ ಹೊಳಿಯೋ ಹರಳ ಹರಳು ಇದ್ರ ಒಮ್ಮೆಲೇ ಮುರದದ್ದು.

ಶಿವ್ಯಾ: ಸೀಟು ಎತ್ತಿದ್ರೂ ಬಿರುಕು ನಿಧಾನಕ್ಕ ಬೆಳೀತೇತಿ. ಅಲ್ಯೂಮಿನಿಯಂ ಐತಿ, ಸಣ್ಣ ಏಟೂ ಲೆಕ್ಕಕ್ಕ ಸೇರ್ತಾವ.

ಗಿರೀಶ: ಖರೆ. ಆದ್ರ ಸಣ್ಣ ಸೈಜ್ ಫ್ರೇಮ್ ಮಾರಿ, ಸೀಟು ಎತ್ತಿ ಕೊಟ್ಟವ್ರು ಅಂಗಡ್ಯಾವ್ರೇ ಆಗಿದ್ರ? "ಬಳಕೆದಾರರ ನಿರ್ಲಕ್ಷ್ಯ" ಅಂತ ಕಂಪನಿ ಒಂದ ಸಾಲು ಬರದ್ರ ಸಾಲಂಗಿಲ್ಲ. ಡಿಕ್ಕಿ ಆಗಿದ್ರ ಹೆಡ್ ಟ್ಯೂಬ್ (ಹ್ಯಾಂಡಲ್ ಕೂಡೋ ಮುಂದಿನ ಕೊಳವಿ) ಹಿಂದ, ಅಲ್ಲಿಂದ ಪೆಡಲ್ ಕಡೆ ಇಳಿಯೋ ಡೌನ್ ಟ್ಯೂಬಿನ ಕೆಳಗ ಸುಕ್ಕು ಬೀಳ್ತೇತಿ. ಇಲ್ಲೆ ಅದೂ ಕಾಣಂಗಿಲ್ಲ.

ಮಂಜ್ಯಾ: ಅಷ್ಟರಾಗ ವೆಲ್ಡ್ ಹೊಡಸಿ ಓಡಿಸಿದ್ರ?

ಶಿವ್ಯಾ: ಕ್ಲೇಮೂ ಹೋತು, ಸಾಕ್ಷಿನೂ ಹೋತು! 6061-ಟಿ6 (ಬಿಸಿ ಕೊಟ್ಟು ಗಟ್ಟಿ ಮಾಡಿದ ಅಲ್ಯೂಮಿನಿಯಂ ಮಿಶ್ರಲೋಹ) ಆಗಿದ್ರ ವೆಲ್ಡಿನ ಬಿಸಿಗೆ ಗಟ್ಟಿತನ ಇಳೀತೇತಿ, ಮತ್ತ ಹೀಟ್ ಟ್ರೀಟ್‌ಮೆಂಟ್ ಮಾಡ್ಲಿಲ್ಲಂದ್ರ ಬಾಜೂಕ ಸೀಳ್ತೇತಿ. ಹಳೇ ಉಕ್ಕಿನ ಸೈಕಲ್ಲಿನ ಮಾತು ಬ್ಯಾರೆ.

ಗಿರೀಶ: ಆ ಸೈಕಲ್ಲಿನವಗ ಹೇಳು, ಪೋಸ್ಟ್ ತಗಿಯೋ ಮೊದಲ ಸ್ಕೇಲ್ ಹಿಡದು ಫೋಟೊ ಹೊಡೀಲಿ. ಪೆಡಲ್ ಶೆಲ್ (ಪೆಡಲ್ ಅಚ್ಚು ಕೂಡೋ ಕೊಳವಿ) ಕೆಳಗಿನ ಸೀರಿಯಲ್ ನಂಬರಿಂದೂ ಬೇಕು, ಅದರ ಜೋಡಿ ಬಿಲ್ಲು, ವಾರಂಟಿ ಕಾರ್ಡ್. ತಿರಸ್ಕಾರದ ಕಾರಣ ಇಮೇಲ್‌ನಾಗ ಕೇಳ್ಲಿ. ಕಂಪನಿ ದಿನ ದೂಡಿದ್ರ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್, ಅದಕ್ಕೂ ಬಗ್ಗಲಿಲ್ಲಂದ್ರ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆದಾಗ ಕಂಪನಿ ಎಲ್ಲೇ ಇರ್ಲಿ, ತಾನಿರೋ ಜಿಲ್ಲಾದಾಗ ದೂರು ಹಾಕಬಹುದು. ಗಡುವು 2 ವರ್ಷ, ಮಾಲಿಗೆ ಕೊಟ್ಟ ದುಡ್ಡು 5 ಲಕ್ಷದ ತನಕ ಇದ್ರ ಶುಲ್ಕ ಇಲ್ಲ.

ಶಿವ್ಯಾ: ಲ್ಯಾಬಿಗೆ ಕಳಿಸಿದ್ರ ಅದರ ಖರ್ಚು ಮೊದಲ ದೂರುದಾರನೇ ಕಟ್ಟಬೇಕಾಗಬಹುದು, ಅದನ್ನೂ ಹೇಳು. ಗೆರಿ ವಿಷಯ ಅಲ್ಲೆ ಹೊರಬೀಳ್ತೇತಿ. ಕೈಪಿಡಿ ಯಾರೂ ಓದಂಗಿಲ್ಲ ಬಿಡು.

ಗಿರೀಶ: ಅಂಗಡ್ಯಾವ್ರೂ ಓದಂಗಿಲ್ಲ.

ಮಂಜ್ಯಾ: ಹಂಗಾರ ಫಾರ್ವರ್ಡ್ ಅಳಸ್ಲಿ?

ಶಿವ್ಯಾ: ಅಳಸು. ಫೋಟೊ ಅಷ್ಟ ಮತ್ತ ಹಾಕು, ಗೆರಿ ಸುತ್ತ ಕೆಂಪು ಗುಂಡು ಹಾಕಿ.