ಗೆರೆ ಎಳೆದ ಕೂಡಲೇ ಮಸಿ ಹರಡುತ್ತಿದೆ, ಸಹಾಯ ಮಾಡಿ

ಬಂಡೆಗೆರೆ: ಮೂರು ವಾರದಿಂದ ಹದಿನೇಳನೇ ಶತಮಾನದ ಇಟಲಿಯ ಚಿತ್ರಕಾರ ಸಾಲ್ವತೋರ್ ರೋಸಾನ ಚಿತ್ರ ನೋಡಿ ಬಿಡಿಸುತ್ತಿದ್ದೇನೆ. ಬಂಡೆ, ಮುರಿದ ಮರ, ಬುಡದಲ್ಲಿ ಕೂತ ಸೈನಿಕ. ಸೈನಿಕ ಹೆಬ್ಬೆರಳಿನಷ್ಟು ಎತ್ತರ ಅಷ್ಟೇ. ಟೋಪಿಯ ಅಂಚು ಎಳೆದರೆ ಸಾಕು, ಗೆರೆಗೆ ಜರಿಹುಳದ ಹಾಗೆ ಕಾಲು ಮೂಡಿ ಮುಖವೇ ಮುಚ್ಚಿಹೋಗುತ್ತದೆ. ಮೂರು ನಿಬ್ ಬದಲಾಯಿಸಿದೆ. ಸಾಕಾಗಿದೆ.

ನಿಬ್ ಪೆಟ್ಟಿಗೆ: ಹೊಸ ನಿಬ್ಬಿಗೆ ಎಣ್ಣೆ ಸವರಿರುತ್ತಾರೆ. ಸೋಪು ನೀರಲ್ಲಿ ತೊಳೆದಿರಾ?

ಬಂಡೆಗೆರೆ: ತೊಳೆದೆ. ಏನೂ ಬದಲಾಗಲಿಲ್ಲ.

ನಿಬ್ ಪೆಟ್ಟಿಗೆ: ಹಾಗಾದರೆ ಒತ್ತುವುದು ಜಾಸ್ತಿಯಾಗಿದೆ. ಸೀಳು ಅಗಲವಾಗಿ ಮಸಿ ಸುರಿಯುತ್ತಿದೆ. ಗಟ್ಟಿ ನಿಬ್ ತಗೊಳ್ಳಿ.

ಹೆಬ್ಬಾತು: ರೋಸಾ ಬರೆದದ್ದು ಹಕ್ಕಿಯ ಗರಿಯಲ್ಲಿ. ನಾನೂ ಗರಿಯನ್ನು ಬಿಸಿ ಮರಳಲ್ಲಿ ಗಟ್ಟಿ ಮಾಡಿ, ಕೊರೆದು ಬಳಸುತ್ತೇನೆ. ಹನ್ನೆರಡು ಇವೆ. ಎಲೆಗೆ ಚೂಪು, ಬಂಡೆಗೆ ಮೊಂಡು. ಕಳ್ಳರ ಜೊತೆ ಕಾಡಲ್ಲಿ ಬದುಕಿದವನ ಗೆರೆ ಉಕ್ಕಿನ ನಿಬ್ಬಿಗೆ ಬರುತ್ತದಾ?

ಮಸಿಕುಡಿಕೆ: ಕಳ್ಳರ ಕತೆ ಆಮೇಲೆ ಕಟ್ಟಿದ್ದು ಸರ್. ರೋಸಾ 1615ರಲ್ಲಿ ನೇಪಲ್ಸ್ ಪಕ್ಕದ ಅರೆನೆಲ್ಲಾದಲ್ಲಿ ಹುಟ್ಟಿದ. ಫ್ಲಾರೆನ್ಸ್‌ನಲ್ಲಿ ಆಳುತ್ತಿದ್ದ ಮೆಡಿಚಿ ಮನೆತನಕ್ಕೆ ಕೆಲಸ ಮಾಡಿದ. 1673ರಲ್ಲಿ ರೋಮ್‌ನಲ್ಲಿ ತೀರಿಕೊಂಡ.

ಹೆಬ್ಬಾತು: ಬೆಟ್ಟ ಕಾಡು ಸುತ್ತದೆ ಆ ಮರ ಬರುವುದಿಲ್ಲ.

ಮಸಿಕುಡಿಕೆ: ಸುತ್ತಿದ್ದು ಬೇರೆ, ಕಳ್ಳರ ಜೊತೆ ಇದ್ದದ್ದು ಬೇರೆ. ಇರಲಿ. ಬಂಡೆಗೆರೆ ಅವರೇ, ಮಸಿ ಯಾವುದು, ಕಾಗದ ಯಾವುದು ಅಂತ ಹೇಳಲೇ ಇಲ್ಲವಲ್ಲ?

ಬಂಡೆಗೆರೆ: ಮಸಿ ಮನೆಯಲ್ಲೇ ಮಾಡಿದ್ದು. ಗ್ರಂಧಿಗೆ ಅಂಗಡಿಯ ಮಾಚಿಕಾಯಿ ಕುಟ್ಟಿ ನೆನೆಸಿ, ಸೋಸಿ, ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಹಾಕಿದೆ. ಎಳೆಯುವಾಗ ತೆಳು, ಗಾಳಿ ತಾಗಿ ಆಮೇಲೆ ಕಪ್ಪಾಗುತ್ತದೆ. ಕಾಗದ ಹ್ಯಾಂಡ್‌ಮೇಡ್.

ಮಸಿಕುಡಿಕೆ: ಗೋಂದು?

ಬಂಡೆಗೆರೆ: ಹಾಕಿಲ್ಲ. ಹಾಕಬೇಕಿತ್ತಾ?

ಮಸಿಕುಡಿಕೆ: ಬೇಕೇ ಬೇಕು. ಇಲ್ಲದಿದ್ದರೆ ಮಸಿ ನೀರಿನ ಹಾಗೆ ಕಾಗದದ ನಾರು ಹಿಡಿದು ಓಡುತ್ತದೆ. ಆಗಿನ ಇಟಲಿಯ ಕಾಗದವನ್ನು ಚರ್ಮ, ಮೂಳೆ ಬೇಯಿಸಿದ ಅಂಟಿನಲ್ಲಿ ಅದ್ದಿ ಒಣಗಿಸುತ್ತಿದ್ದರು. ನಿಮ್ಮದರ ಮೂಲೆಗೆ ಒಂದು ಹನಿ ನೀರು ಬಿಡಿ. ತಟ್ಟನೆ ಇಂಗಿದರೆ ಅಂಟಿಲ್ಲ ಅಂತಲೇ.

ನಿಬ್ ಪೆಟ್ಟಿಗೆ: ನಾನು ಈಗಲೂ ನಿಬ್ಬೇ ಅನ್ನುತ್ತೇನೆ.

ಬಂಡೆಗೆರೆ: ಹನಿ ಕಣ್ಣೆದುರೇ ಇಂಗಿತು! ಜೆಲಟಿನ್ ತೆಳುವಾಗಿ ಕರಗಿಸಿ ಸವರಿ, ರಾತ್ರಿ ಒಣಗಿಸಿ, ಮಸಿಗೆ ಗೋಂದು ಸೇರಿಸಿದೆ. ಅದೇ ನಿಬ್. ಸೈನಿಕನ ಮೂಗು ಕಾಣುತ್ತಿದೆ. ಬಂಡೆಯ ಬಿರುಕಲ್ಲಿ ಮಾತ್ರ, ಗೆರೆ ಮೇಲೆ ಗೆರೆ ಬಿದ್ದ ಕಡೆ, ಇನ್ನೂ ಸ್ವಲ್ಪ ಹರಡುತ್ತಿದೆ.

ಮಸಿಕುಡಿಕೆ: ಮೊದಲ ಗೆರೆ ಒಣಗಲು ಬಿಡಿ. ಅನ್ನಭೇದಿಯ ಅಳತೆಯನ್ನೂ ನೋಡಿಕೊಳ್ಳಿ. ಜಾಸ್ತಿಯಾದರೆ ಕಾಗದವನ್ನೇ ತಿನ್ನುತ್ತದೆ. ಅದೇ ಕಾಲದ ಇಟಲಿಯ ಚಿತ್ರಕಾರ ಗ್ವೆರ್ಚಿನೋನ ಕೆಲವು ಚಿತ್ರಗಳಲ್ಲಿ ಗೆರೆ ಇದ್ದ ಕಡೆ ಈಗ ತೂತು. ಉಕ್ಕಿನ ನಿಬ್ಬಿಗೂ ತುಕ್ಕು ಹಿಡಿಯುತ್ತದೆ.

ಹೆಬ್ಬಾತು: ಗರಿಗೆ ತುಕ್ಕು ಹಿಡಿಯಲ್ಲ. ಬೇಕಾದರೆ ಎರಡು ಕೊರೆದು ಕಳಿಸುತ್ತೇನೆ.

ಬಂಡೆಗೆರೆ: ಕಳಿಸಿ ಸರ್. ಬಂಡೆಗೆ ಮೊಂಡು ಅಂದಿರಲ್ಲ, ಅದೂ ಒಂದು ಇರಲಿ.